ಬೇತಮಂಗಲದ ಹೊಳೆದಂಡೆ

ಹೊಳೆಯ ದಂಡೆಯಲ್ಲೊಂದು ಹಳ್ಳಿ, ಕಲ್ಲುಮನೆಗಳ ಸಾಲು, ಕಿರುಸೇತುವೆ, ಮರಗಳ ಸಂದಿನಲ್ಲಿ ತಲೆಯೆತ್ತಿದ ಇಗರ್ಜಿಯ ಗೋಪುರ—ಆಂಗ್ಲದೇಶದ ಗ್ರಾಮವೆಂದೊಡನೆ ಪಾಠಪುಸ್ತಕಗಳನ್ನೋದಿ ಬೆಳೆದ ನಮ್ಮ ಕಣ್ಣಮುಂದೆ ನಿಲ್ಲುವ ಚಿತ್ರವು ಇದೇ ಅಲ್ಲವೇ? ಗ್ಲಾಸ್ಟರ್‌ಷೈರಿನಲ್ಲಿ ಕೋಲ್ನ್ ಹೊಳೆಯ ಬದಿಗಿರುವ ಬೈಬರಿಯಂತಹ ಹಳ್ಳಿಗಳನ್ನು ನೋಡಲು ಜನರು ಸಮುದ್ರ ದಾಟಿ ಹೋಗುತ್ತಾರೆ. ಅಷ್ಟು ದೂರ ಹೋಗಲಾರದ ನಾವು, ಒಂದು ಕಾಲದಲ್ಲಿ 'ಪುಟ್ಟ ಇಂಗ್ಲೆಂಡ್' ಎನಿಸಿಕೊಂಡಿದ್ದ ಕೋಲಾರದ ಚಿನ್ನದ ಗಣಿಗೂ, ಅಲ್ಲಿಂದ ಪಾಲಾರ್ ತೀರದ ಬೇತಮಂಗಲಕ್ಕೂ ಕಳೆದ ಮಾಗಿಯಲ್ಲಿ ಹೋಗಿಬಂದೆವು.

ಈ ಪ್ರಯಾಣಕ್ಕೆ ಕಾರಣಳು ನನ್ನ ಸೋದರತ್ತೆ. ಚಾಂಪಿಯನ್ ರೀಫಿನ ಸಾಲುಮನೆಯಲ್ಲಿ ಹುಟ್ಟಿದ ಆಕೆಗೆ ಈಗ ಎಂಬತ್ತು ತುಂಬಿದೆ. "ಮದುವೆಯಾಗುವ ತನಕ ಬೇತಮಂಗಲದ ನೀರು ಕುಡಿದೆ, ಆ ನೀರಿನ ತವರನ್ನು ಮಾತ್ರ ನೋಡಲಿಲ್ಲ" ಎಂಬುದು ಆಕೆಯ ಬಹುದಿನದ ಕೊರಗು.

ಬಂಗಾರಪೇಟೆಯಲ್ಲಿ ಬಂಡಿ ಬದಲಾಯಿಸಿದೆವು. 1862ರಿಂದ 1870ರವರೆಗೆ ಮೈಸೂರಿನ ಚೀಫ್ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಈ ಊರು ಹಿಂದೆ ಬೌರಿಂಗ್‌ಪೇಟೆಯಾಗಿತ್ತು. ಇಲ್ಲಿಂದ ಕವಲೊಡೆದ ಸಣ್ಣ ರೈಲುದಾರಿಯು ಕೋರಮಂಡಲ್, ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಕಿಟಕಿಯಿಂದ ಮೊದಲು ಕಾಣತಕ್ಕದ್ದು ಬೂದುಬಣ್ಣದ ಗುಡ್ಡಗಳು. ಅವು ದೇವರು ಮಾಡಿದ ಗುಡ್ಡಗಳಲ್ಲ; ಚಿನ್ನವನ್ನು ಸೋಸಿ ತೆಗೆದ ಮೇಲೆ ಉಳಿದ ಸಯನೈಡ್ ಮಣ್ಣಿನ ರಾಶಿಗಳು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಸಂಸ್ಥೆಯು ಇಲ್ಲಿಗೆ ಬಂದ ಮೇಲೆ ಈ ಬರಡು ನೆಲದ ಮೇಲೆ ಹೆಂಚಿನ ಬಂಗಲೆಗಳೂ, ಹೂದೋಟಗಳೂ, ಕ್ಲಬ್ಬೂ, ಗಾಲ್ಫ್ ಮೈದಾನವೂ ಎದ್ದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರ ತಂತಿಯೆಳೆದು ವಿದ್ಯುಚ್ಛಕ್ತಿಯನ್ನೂ ತಂದರು. ಇಂಗ್ಲೆಂಡಿನಲ್ಲಿದ್ದುದೆಲ್ಲವೂ ಬಂದಿತು, ಹೊಳೆಯೊಂದು ಹೊರತು. ಕುಡಿಯುವ ನೀರಿಗಾಗಿ ಬೇತಮಂಗಲದ ಕೆರೆಗೇ ಕೈಚಾಚಬೇಕಾಯಿತು. ಅಲ್ಲಿಂದ ಕಬ್ಬಿಣದ ಕೊಳಾಯಿಗಳಲ್ಲಿ ಗಣಿಯವರೆಗೆ ನೀರನ್ನು ತಳ್ಳಿದರು. ಸಾಹೇಬರ ಗುಲಾಬಿಗೂ ಅದೇ ನೀರು, ಸಾಲುಮನೆಯ ಕೊಡಕ್ಕೂ ಅದೇ ನೀರು. ಅತ್ತೆಯ ಬಾಲ್ಯದಲ್ಲಿ ಕೊಡಗಳನ್ನು ಸರತಿಯಲ್ಲಿಟ್ಟು ಕಾಯುವುದು ಹೆಣ್ಣುಮಕ್ಕಳ ಪಾಲಿನ ಕೆಲಸ. "ಜಗಳವಾಡುವುದನ್ನು ನಾನು ಕಲಿತದ್ದು ಅಲ್ಲಿಯೇ" ಎಂದು ಆಕೆ ನಕ್ಕಳು. ಆ ವಿದ್ಯೆಯನ್ನು ಆಕೆ ಇನ್ನೂ ಮರೆತಿಲ್ಲವೆಂಬುದನ್ನು ನಮ್ಮ ಮನೆಯವರು ಬಲ್ಲರು.

ರಾಬರ್ಟ್‌ಸನ್‌ಪೇಟೆಯಿಂದ ಬೇತಮಂಗಲಕ್ಕೆ ಬಸ್ಸಿನಲ್ಲಿ ಹೋದೆವು. ಇದರ ಪೂರ್ವದ ಹೆಸರು ವಿಜಯಾದಿತ್ಯಮಂಗಲ. ನದಿಗೆ ಅಡ್ಡಲಾಗಿ ಕಟ್ಟಿದ ಇಲ್ಲಿಯ ದೊಡ್ಡ ಕೆರೆಯು ಒಡೆದುಹೋದಾಗ 10ನೆಯ ಶತಮಾನದಲ್ಲಿ ನೊಳಂಬರೂ, 12ನೆಯ ಶತಮಾನದಲ್ಲಿ ಹೊಯ್ಸಳರ ಕಡೆಯವರೂ ಅದನ್ನು ಸರಿಪಡಿಸಿದರೆಂದು ಶಾಸನಗಳಿಂದ ತಿಳಿಯುತ್ತದೆ. ಆಂಗ್ಲರ ಯಂತ್ರಗಳು ಎತ್ತಿದ್ದು, ಹೀಗೆ ನಮ್ಮ ಪೂರ್ವಿಕರು ಕಟ್ಟಿ ಕಾಪಾಡಿದ ನೀರನ್ನು! ಮದರಾಸಿನ ಹಳೆಯ ಹೆದ್ದಾರಿಯಲ್ಲಿದ್ದ ಈ ಊರು, ರೈಲು ಬೇರೆ ದಾರಿ ಹಿಡಿದ ಮೇಲೆ ತನ್ನ ವೈಭವವನ್ನು ಬೌರಿಂಗ್‌ಪೇಟೆಗೆ ಬಿಟ್ಟುಕೊಟ್ಟಿತು.

ಪಾಲಾರ್ ಎಂದರೆ ಹಾಲಿನ ಹೊಳೆ. ನಂದಿಯ ಸೀಮೆಯಲ್ಲಿ ಹುಟ್ಟುವ ಈ ನದಿಯು ವರ್ಷದ ಬಹುಭಾಗ ಮರಳಾಗಿಯೇ ಮಲಗಿರುವುದು. 2021ರ ನವೆಂಬರಿನಂತೆ ಉಕ್ಕಿ ಹರಿಯುವುದು ಅಪರೂಪ. ಆದರೆ ನಾವು ಹೋದ ದಿನ ಕೆರೆಯಲ್ಲಿ ನೀರಿತ್ತು. ಬೆಳ್ಳಕ್ಕಿಗಳು ಅಂಚಿನಲ್ಲಿ ನಿಂತಿದ್ದವು. ಅಗಸರ ಬಟ್ಟೆಗಳು ಬಿಸಿಲಿಗೆ ಒಣಗುತ್ತಿದ್ದವು. ಏರಿಯ ಮೇಲೊಬ್ಬ ಹುಡುಗ ಕುರಿಗಳನ್ನು ಹೊಡೆದುಕೊಂಡು ಹೋದ. ಬೈಬರಿಯನ್ನು ನಾನು ನೋಡಿಲ್ಲವಾದರೂ, ಈ ನೋಟವನ್ನು ಅದಕ್ಕೆ ಬದಲಾಗಿ ಕೊಡಲು ನನಗೆ ಮನಸ್ಸಿಲ್ಲ.

ಗಣಿಯು 2001ರ ಫೆಬ್ರವರಿ 28ರಂದು ಮುಚ್ಚಿತು. ಮೂರು ಕಿಲೋಮೀಟರಿಗೂ ಆಳವಾಗಿ ತೋಡಿದ ಸುರಂಗಗಳಲ್ಲಿ ಈಗ ನೀರು ನಿಂತಿದೆ. ಅದನ್ನು ಅತ್ತೆಗೆ ಹೇಳಿದಾಗ ಆಕೆ ಏನೂ ಆಡದೆ ಮೆಟ್ಟಿಲಿಳಿದಳು. ಅವಳ ತಂದೆಯು ಮೂವತ್ತು ವರ್ಷ ಆ ಕತ್ತಲೆಗೆ ಇಳಿದು ಹತ್ತಿದವನು.

ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೊತ್ತಿಕೊಂಡಳು. ನಾವು ಬೇಡವೆನ್ನುವಷ್ಟರಲ್ಲಿ ಒಂದು ಹನಿಯನ್ನು ನಾಲಗೆಗೂ ಸೋಕಿಸಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಇದು ಆ ನೀರಲ್ಲ ಕಣೋ, ಕೊಳಾಯಿಯ ಕಬ್ಬಿಣದ ರುಚಿಯೇ ಇಲ್ಲ" ಎಂದಳು.