ಮೊಟಕು ಮಾತಿನ ಮರ್ಮ

ಕೆಲವು ದಿನಗಳ ಹಿಂದೆ ಉತ್ತರಹಳ್ಳಿಯ ನಮ್ಮ ಮನೆಗೆ ನೆರೆಯ ವೃದ್ಧೆಯೊಬ್ಬರು ವೈದ್ಯರ ಚೀಟಿ ಹಿಡಿದು ಬಂದರು. 'ಮೊಮ್ಮಗ ಇದನ್ನ ಬಿ.ಡಿ. ಅಂತ ಓದ್ತಾನೆ; ನಾನೇನು ಬೀಡಿ ಸೇದೋಳೇ, ಮೇಷ್ಟ್ರೇ?' ಎಂದರು. ನಾನು ನಕ್ಕೆ. ಕೆಳಗಿನ ಸಾಲನ್ನು ಓದಿದಾಗ ನಗು ನಿಂತಿತು. ನೋವಿನ ಮಾತ್ರೆಯ ಮುಂದೆ ಎಸ್.ಓ.ಎಸ್. ಎಂದಿತ್ತು. ಅದು ಅಪಾಯದ ಕರೆಯೆಂದು ಮೊಮ್ಮಗ ಹೇಳಿದ್ದನಂತೆ. ತಪ್ಪಿಸಿದರೆ ಕೇಡೆಂದು ಬಗೆದು ಆಕೆ ಎಂಟು ದಿನ ಮೂರು ಹೊತ್ತೂ ಅದನ್ನು ನುಂಗಿ, ಹೊಟ್ಟೆಯಲ್ಲಿ ಉರಿಯೆದ್ದು ನಿದ್ದೆಗೆಟ್ಟಿದ್ದರು.

ಈ ಅಕ್ಷರಗಳು ಇಂಗ್ಲಿಷಿನ ವೇಷ ತೊಟ್ಟ ಲ್ಯಾಟಿನ್ ಮಾತುಗಳು. ಬಿ.ಡಿ. ಎಂದರೆ 'ಬಿಸ್ ಡಿಯೆ', ದಿನಕ್ಕೆ ಎರಡು ಬಾರಿ, ಟಿ.ಡಿ.ಎಸ್. ಎಂದರೆ 'ತೆರ್ ಡಿಯೆ ಸುಮೆಂಡಮ್', ದಿನಕ್ಕೆ ಮೂರು ಬಾರಿ ಸೇವಿಸತಕ್ಕದ್ದು. ಎಸ್.ಓ.ಎಸ್. ಎಂದರೆ 'ಸಿ ಓಪುಸ್ ಸಿಟ್', ಅಗತ್ಯವಿದ್ದರೆ ಮಾತ್ರ. ಹಡಗುಗಳ ಎಸ್.ಓ.ಎಸ್. ಬೇರೆಯೇ. ಅದು 1906ರಲ್ಲಿ ಬರ್ಲಿನ್ ಸಮ್ಮೇಳನ ಒಪ್ಪಿದ ನಿಸ್ತಂತು ಸಂಕೇತ. ಯಾವ ಪದಗಳ ಮೊಟಕೂ ಅಲ್ಲ. ಗಡಿಯಾರದ ಎ.ಎಂ., ಪಿ.ಎಂ.ಗಳೂ ಲ್ಯಾಟಿನ್ನಿನವೇ: ನಡುಹಗಲಿಗೆ ಮುನ್ನ, ನಡುಹಗಲಿನ ಅನಂತರ.

ಇಂಗ್ಲಿಷಿನಲ್ಲಿ ಮೊಟಕಿಗೆ ಮುಖ್ಯವಾಗಿ ಎರಡು ದಾರಿ. ಪದಗಳ ಮೊದಲಕ್ಷರಗಳನ್ನು ಹಿಡಿಯುವುದು ಒಂದು. ನಡುವಣ ಅಕ್ಷರಗಳನ್ನು ನುಂಗುವುದು ಇನ್ನೊಂದು. 'ಡಾಕ್ಟರ್' ಎಂಬುದು ಡಿ, ಆರ್ ಎಂಬ ಎರಡೇ ಅಕ್ಷರವಾಗುತ್ತದೆ. 'ಡು ನಾಟ್' ಕೂಡಿ 'ಡೋಂಟ್' ಆದಾಗ ಲೋಪವಾದ ಅಕ್ಷರದ ಎಡೆಯಲ್ಲಿ ಮೇಲೊಂದು ಕೊಕ್ಕೆ ಕೂರುತ್ತದೆ. ನಮ್ಮ ಲೋಪಸಂಧಿಗೆ ಆ ಕೊಕ್ಕೆ ಬೇಡ. 'ಊರು', 'ಊರು' ಸೇರಿ 'ಊರೂರು' ಆದರೂ ಅರ್ಥ ಕೆಡದು. ಕನ್ನಡದ ಮೊಟಕು ಸ್ವರ ಕೂಡಿದ ಇಡೀ ಅಕ್ಷರವನ್ನೇ ಹಿಡಿಯುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ 'ಕುವೆಂಪು' ಆದದ್ದು ಹಾಗೆ. ಮೂಲದ ದನಿ ಅಲ್ಲಿ ಇನ್ನೂ ಕೇಳಿಸುತ್ತದೆ.

ಇಂಗ್ಲಿಷ್ ಮೊದಲಕ್ಷರಗಳೋ ಮೂಲವನ್ನು ಬೇಗ ಮರೆಸುತ್ತವೆ. ಬಿ.ಟಿ.ಎಂ. ಬಡಾವಣೆಯೆಂಬ ಹೆಸರಿನಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿವೆ. ಜೆ.ಪಿ. ನಗರ ಎನ್ನುವಾಗ ಜಯಪ್ರಕಾಶ ನಾರಾಯಣರನ್ನು ನೆನೆಯುವವರು ಎಷ್ಟು ಮಂದಿ? ಅಲ್ಲಿ ಮರೆತುಹೋಗುವುದು ಹೆಸರು. ಔಷಧದ ಚೀಟಿಯಲ್ಲಾದರೆ ಕೆಡುವುದು ದೇಹ.

ಮೊಟಕು ಬರಹವೆಂಬುದು ಬಲ್ಲವರ ನಡುವಿನ ಒಪ್ಪಂದ. ವೈದ್ಯರಿಗೂ ಔಷಧದಂಗಡಿಯವರಿಗೂ ಅದು ಸಲ್ಲುತ್ತದೆ. ಮಾತ್ರೆ ನುಂಗುವವರು ಆ ಒಪ್ಪಂದದ ಹೊರಗೇ ಉಳಿಯುತ್ತಾರೆ. ಚೀಟಿಯ ಹಿಂಬದಿಯಲ್ಲಿ 'ನೋವಿದ್ದರೆ ಮಾತ್ರ' ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟು, ಅಂದೇ ವೈದ್ಯರನ್ನು ಕಾಣುವಂತೆ ಹೇಳಿ ಆಕೆಯನ್ನು ಕಳುಹಿಸಿದೆ. ಬರೆಯಲು ಅರೆನಿಮಿಷವೂ ಹಿಡಿಯಲಿಲ್ಲ.