ಒಬ್ಬನೇ ಹೊತ್ತು ಒಬ್ಬನೇ ನಡೆಸುವ ದೋಣಿ

ದೋಣಿಯು ಮನುಷ್ಯನನ್ನು ಹೊರುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಮನುಷ್ಯನು ದೋಣಿಯನ್ನು ಹೊರಬೇಕಾದ ದೇಶಗಳೂ ಉಂಟೆಂಬುದನ್ನು ನಮ್ಮ ವಾಚಕರಲ್ಲಿ ಹಲವರು ಕೇಳಿರಲಾರರು. ಕೆನಡಾ ದೇಶದ ಆಂಟೇರಿಯೋ ಪ್ರಾಂತದಲ್ಲಿಯೂ, ಅದರ ನೆರೆಯ ನ್ಯೂಯಾರ್ಕ್ ಸಂಸ್ಥಾನದ ಅಡಿರಾಂಡಾಕ್ ಬೆಟ್ಟಗಳಲ್ಲಿಯೂ ಸರೋವರಗಳು ಚೆಲ್ಲಿದ ಮಣಿಗಳಂತೆ ಹರಡಿಕೊಂಡಿವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಕಾಡು, ಬಂಡೆ, ಕೆಸರು. ಜಲಮಾರ್ಗವಾಗಿ ಹೊರಟವನು ಒಂದು ಸರೋವರದ ದಡದಲ್ಲಿ ಇಳಿದು, ದೋಣಿಯನ್ನು ಹೆಗಲಿಗೇರಿಸಿ, ಕಾಲುದಾರಿಯಲ್ಲಿ ಅರ್ಧ ಮೈಲಿಯೋ ಒಂದು ಮೈಲಿಯೋ ನಡೆದು ಮುಂದಿನ ನೀರನ್ನು ಸೇರಬೇಕು. ಆದಕಾರಣ ಅಲ್ಲಿ ದೋಣಿಯ ಗುಣವನ್ನು ನೀರಿನಲ್ಲಿ ಪರೀಕ್ಷಿಸುವಂತೆಯೇ ನೆಲದ ಮೇಲೆಯೂ ಪರೀಕ್ಷಿಸುವುದುಂಟು. ಈ ದೋಣಿಗೆ ಕೆನೂ ಎಂದು ಹೆಸರು. ಎರಡು ತುದಿಯೂ ಚೂಪು; ಮೇಲೆ ಮುಚ್ಚಿಗೆಯಿಲ್ಲ; ನಡೆಸುವವನು ಹೋಗುವ ದಿಕ್ಕಿಗೇ ಮುಖಮಾಡಿ ಬಿಡಿಯಾದ ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತಾನೆ. ಒಬ್ಬನಿಗೆಂದೇ ಅಳವಡಿಸಿದ ಇಂಥ ಕೆನೂವನ್ನು ಸೀಡರ್ ಮರದ ಪಟ್ಟಿಗಳಿಂದ ಮನೆಯಲ್ಲಿಯೇ ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಲೆಳಸುತ್ತೇವೆ.

ಹಗುರವೆಂಬುದು ಇಲ್ಲಿ ಶೋಕಿಯ ಮಾತೆಂದು ಯಾರೂ ಬಗೆಯಬಾರದು. ಪೆನ್ಸಿಲ್ವೇನಿಯಾದ ವೆಲ್ಸ್‌ಬರೋ ಊರಿನ ಜಾರ್ಜ್ ವಾಷಿಂಗ್‌ಟನ್ ಸಿಯರ್ಸ್ ಎಂಬಾತನು ಪಾದರಕ್ಷೆ ಹೊಲಿಯುವ ಕಸುಬಿನವನು; ‘ನೆಸ್‌ಮಕ್’ ಎಂಬ ಹೆಸರಿನಿಂದ ಪತ್ರಿಕೆಗೆ ಬರೆಯುತ್ತಿದ್ದನು. ೧೮೮೩ರಲ್ಲಿ ಆತನ ವಯಸ್ಸು ೬೧. ಮೈತೂಕ ೧೧೦ ಪೌಂಡುಗಳ ಆಸುಪಾಸು. ಶ್ವಾಸಕೋಶದ ವ್ಯಾಧಿ ಬೇರೆ. ಆ ಬೆಟ್ಟಗಳಲ್ಲಿ ಸಿರಿವಂತರು ಮಾರ್ಗದರ್ಶಕರನ್ನು ಗೊತ್ತುಮಾಡಿಕೊಂಡು ಅವರಿಂದಲೇ ಭಾರವಾದ ದೋಣಿಗಳನ್ನು ಹೊರಿಸುತ್ತಿದ್ದರು. ಈತನಿಗೆ ಆ ಅನುಕೂಲವೂ ಇಲ್ಲ, ಅಂಥ ಭಾರವನ್ನು ಹೊರುವ ತ್ರಾಣವೂ ಇಲ್ಲ. ಕ್ಯಾಂಟನ್ ಊರಿನ ಜೆ. ಹೆನ್ರಿ ರಷ್ಟನ್ ಎಂಬ ಪ್ರಸಿದ್ಧ ದೋಣಿಗಾರನು ಆತನಿಗಾಗಿ ೯ ಅಡಿ ಉದ್ದದ ಸೀಡರ್ ಕೆನೂ ಒಂದನ್ನು ಕಟ್ಟಿಕೊಟ್ಟನು. ಅದರ ತೂಕ ೧೦½ ಪೌಂಡು! ದೋಣಿಯಾಗಿ ಬೇಸರ ಬಂದರೆ ಸಾರಿನ ಬಟ್ಟಲಾಗಿ ಬಳಸಿಕೊಳ್ಳಬಹುದೆಂದು ಕಟ್ಟಿದವನೇ ಹಾಸ್ಯಮಾಡಿದನಂತೆ. ಸಿಯರ್ಸನು ಅದಕ್ಕೆ ‘ಸೇರಿ ಗ್ಯಾಂಪ್’ ಎಂದು ಹೆಸರಿಟ್ಟನು. ಡಿಕನ್ಸನ ಕಾದಂಬರಿಯೊಂದರಲ್ಲಿ ಬರುವ ಆ ದಾದಿಯಂತೆ ಈ ದೋಣಿಯೂ ನೀರನ್ನು ಒಳಗೆ ಸೇರಿಸುವುದಿಲ್ಲವೆಂಬುದು ಚಮತ್ಕಾರ. ಆ ಬೇಸಿಗೆಯಲ್ಲಿ ಆತನು ಒಬ್ಬನೇ ೨೬೬ ಮೈಲಿಗಳನ್ನು ಅದರಲ್ಲಿ ಸುತ್ತಿಬಂದನು. ದೋಣಿಯು ಇಂದಿಗೂ ಉಳಿದಿದೆ.

ಆ ದೋಣಿಯಲ್ಲಿ ತೆಳುವಾದ ಹಲಗೆಗಳನ್ನು ಒಂದರ ಅಂಚಿನ ಮೇಲೊಂದು ಏರಿಸಿ ಜೋಡಿಸಿತ್ತು. ಅದನ್ನು ಕಟ್ಟಲು ಜೀವಮಾನದ ಕೈಬಳಕೆ ಬೇಕು. ಬಂಡೆಗೆ ತಾಗಿದರೆ ಉಳಿಯುವ ಭರವಸೆ ಕಡಮೆ. ಹಗುರವಾಗಿರಬೇಕು, ಬಾಳಿಕೆಯೂ ಬರಬೇಕು, ಸಾಮಾನ್ಯ ಗೃಹಸ್ಥನ ಕೈಗೂ ಎಟುಕಬೇಕು ಎಂಬ ಮೂರು ಬೇಡಿಕೆಗಳನ್ನು ಒಟ್ಟಿಗೆ ಸಲ್ಲಿಸಿದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಢಿಗೆ ಬಂದ ಪಟ್ಟಿಯ ಕಟ್ಟಣೆ. ೧೯೮೩ರಲ್ಲಿ ಕೆನಡಾದ ಟೆಡ್ ಮೂರ್ಸ್ ಎಂಬಾತನ ‘ಕೆನೂಕ್ರಾಫ್ಟ್’ ಗ್ರಂಥವು ಹೊರಬಂದ ಮೇಲೆ ಎಷ್ಟೋ ಮಂದಿ ತಮ್ಮ ಮನೆಯ ಕೊಟ್ಟಿಗೆಗಳಲ್ಲಿಯೇ ಈ ಕೆಲಸಕ್ಕೆ ಕೈಹಚ್ಚಿದರು.

ಮರದ ವಿಷಯವಾಗಿ ಒಂದು ಮಾತು. ಸೀಡರ್ ಎಂದೊಡನೆ ನಮ್ಮವರಿಗೆ ಹಿಮಾಲಯದ ದೇವದಾರು ನೆನಪಿಗೆ ಬರುವುದು ಸಹಜ. ದೇವದಾರುವೇ ನಿಜವಾದ ಸೀಡರ್. ಅಮೆರಿಕದವರು ಆ ಹೆಸರಿನಿಂದ ಕರೆಯುವ ಕೆಂಪು ಸೀಡರ್ ಬೇರೆ ಕುಲದ್ದು. ಅದು ಬಹು ಹಗುರ, ಎಳೆ ನೇರ, ಕೊಳೆಯುವುದು ನಿಧಾನ. ಆದರೆ ಮೃದು, ಉಗುರಿನಿಂದ ಒತ್ತಿದರೂ ಗುರುತು ಬೀಳುತ್ತದೆ. ಇಷ್ಟು ಮೆತ್ತನೆಯ ಮರದಿಂದ ಗಟ್ಟಿಯಾದ ದೋಣಿಯಾಗುವುದೆಂತು?

ಕಟ್ಟುವ ಬಗೆಯಲ್ಲಿಯೇ ಅದಕ್ಕೆ ಉತ್ತರವಿದೆ. ಮೊದಲು ಸೊಂಟದೆತ್ತರದಲ್ಲಿ ನೇರವಾದ ಉದ್ದನೆಯ ತೊಲೆಯೊಂದನ್ನು ಅಣಿಮಾಡಿ, ಅದರ ಮೇಲೆ ಅಡಿಗೊಂದರಂತೆ ಹಲಗೆಯ ಅಚ್ಚುಗಳನ್ನು ನಿಲ್ಲಿಸತಕ್ಕದ್ದು. ದೋಣಿಯನ್ನು ಆಯಾ ಸ್ಥಳದಲ್ಲಿ ಅಡ್ಡಲಾಗಿ ಕೊಯ್ದರೆ ಕಾಣುವ ಆಕಾರವೇ ಆಯಾ ಅಚ್ಚಿನದು. ದೋಣಿಯು ಬೋರಲಾಗಿ ಬೆಳೆಯುತ್ತದೆ. ಕಾಲು ಅಂಗುಲ ದಪ್ಪ, ಮುಕ್ಕಾಲು ಅಂಗುಲ ಅಗಲದ ಪಟ್ಟಿಗಳನ್ನು ಸೀಳಿ, ಪ್ರತಿಯೊಂದರ ಒಂದು ಅಂಚನ್ನು ಉಬ್ಬಾಗಿಯೂ ಇನ್ನೊಂದನ್ನು ತಗ್ಗಾಗಿಯೂ ಕೆತ್ತಿಕೊಂಡರೆ, ತಗ್ಗಿನಲ್ಲಿ ಅಂಟನ್ನು ಹನಿಸಿ ಮುಂದಿನ ಪಟ್ಟಿಯ ಉಬ್ಬನ್ನು ಕೂರಿಸುವುದು ಸುಲಭ. ದೋಣಿಯ ಬಾಯಂಚಿನಿಂದ ಆರಂಭಿಸಿ ತಳದ ಕಡೆಗೆ ಹೀಗೆ ಪಟ್ಟಿಯ ಮೇಲೆ ಪಟ್ಟಿ ಏರುತ್ತದೆ. ಅಚ್ಚಿನ ಅಂಚಿಗೆ ಅಂಟು ಹಿಡಿಯದಂತೆ ಟೇಪು ಸುತ್ತಲು ಮರೆತವನ ದೋಣಿ ಅಚ್ಚನ್ನು ಬಿಟ್ಟು ಬರಲೊಪ್ಪದು! ತಳವು ಮುಚ್ಚಿದ ಮೇಲೆ ಹತ್ತರಿಯಿಂದಲೂ ಉಪ್ಪುಕಾಗದದಿಂದಲೂ ಮೈಯನ್ನು ನುಣುಪುಮಾಡಬೇಕು. ಇಲ್ಲಿ ಕಣ್ಣಿಗಿಂತ ಅಂಗೈಯನ್ನು ನಂಬುವುದು ಮೇಲು. ಕಣ್ಣುಮುಚ್ಚಿ ಸವರಿದರೆ ಉಬ್ಬುತಗ್ಗುಗಳು ತಾವಾಗಿಯೇ ತಿಳಿದುಬರುತ್ತವೆ.

ಆಮೇಲಿನದೇ ಮುಖ್ಯವಾದ ಕೆಲಸ. ಗಾಜಿನ ಎಳೆಗಳಿಂದ ನೆಯ್ದ ಬಿಳಿಯ ಬಟ್ಟೆಯನ್ನು ಹೊರಮೈಗೆ ಹೊದಿಸಿ, ಎಪಾಕ್ಸಿ ಎಂಬ ರಾಳವನ್ನು ಅದಕ್ಕೆ ಉಣಿಸುತ್ತಾರೆ. ರಾಳ ಹೀರಿದ ಬಟ್ಟೆಯು ನೋಡನೋಡುತ್ತಿರುವಂತೆಯೇ ಪಾರದರ್ಶಕವಾಗಿ, ಮರದ ಕೆಂಪು ಬಣ್ಣವು ಕೆಳಗಿನಿಂದ ಎದ್ದುಬರುತ್ತದೆ. ರಾಳವು ಗಟ್ಟಿಯಾದ ಮೇಲೆ ದೋಣಿಯನ್ನು ಅಚ್ಚಿನಿಂದ ಕಳಚಿ ಒಳಮೈಗೂ ಇದೇ ಹೊದಿಕೆ. ಕಾಣದ ಒಳಮೈಗೆ ಇಷ್ಟು ವೆಚ್ಚವೇಕೆಂದು ಕೆಲವರು ಅದನ್ನು ಬಿಡುವುದುಂಟು. ಇದು ತಪ್ಪು ಲೆಕ್ಕ. ಹೊರಗಿನಿಂದ ಕಲ್ಲು ತಾಗಿದಾಗ ಮರವು ಒಳಕ್ಕೆ ಬಾಗುತ್ತದೆ. ಆಗ ಹಿಗ್ಗುವುದು ಒಳಮೈ, ಕುಗ್ಗುವುದು ಹೊರಮೈ. ಒಳಗೆ ಬಟ್ಟೆಯಿಲ್ಲದಿದ್ದರೆ ಸೀಡರು ಎಳೆಯುದ್ದಕ್ಕೂ ಸೀಳಿಹೋಗುತ್ತದೆ. ಎಳೆತವನ್ನು ತಾಳುವುವು ಈ ಎರಡು ತೆಳುಪೊರೆಗಳು. ಅವೆರಡನ್ನೂ ದೂರದೂರವಿಟ್ಟು ಬಿಗಿಯನ್ನು ಕೊಡುವುದು ಮರ. ತುಂಗಭದ್ರೆಯ ಹರಿಗೋಲನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ಅಲ್ಲಿಯೂ ಬಿದಿರಿನ ಹೆಣಿಗೆ ಆಕಾರವನ್ನು ಹಿಡಿದರೆ, ಹೊದಿಸಿದ ತೊಗಲು ನೀರನ್ನು ತಡೆಯುತ್ತಿತ್ತು.

ರಾಳವನ್ನು ಬೆರೆಸುವಲ್ಲಿ ತಯಾರಕರು ಹೇಳಿದ ಪ್ರಮಾಣವನ್ನು ಕೂದಲೆಳೆಯಷ್ಟೂ ಮೀರಬಾರದು. ಬೇಗ ಗಟ್ಟಿಯಾಗಲೆಂದು ಗಟ್ಟಿಕಾರಕವನ್ನು ಹೆಚ್ಚು ಸುರಿದರೆ ಅದು ಎಂದೆಂದಿಗೂ ಸರಿಯಾಗಿ ಗಟ್ಟಿಯಾಗದು. ಹೊತ್ತೇರುತ್ತ ಕೋಣೆಯು ಬಿಸಿಯಾಗುವಾಗ ಮರದೊಳಗಿನ ಗಾಳಿಯು ಹಿಗ್ಗಿ ಹೊರಬಂದು ಗುಳ್ಳೆಗಳೇಳುತ್ತವೆ. ಆದ್ದರಿಂದ ಕೋಣೆಯು ತಣ್ಣಗಾಗತೊಡಗಿದ ಹೊತ್ತಿನಲ್ಲಿ ಹಚ್ಚುವುದು ಲೇಸು.

ಗೃಹಿಣಿಯರು ಗಮನಿಸಬೇಕಾದ ವಿಷಯವೊಂದಿದೆ. ಕೆಂಪು ಸೀಡರಿನ ಪರಿಮಳವು ಮನೋಹರವಾದರೂ ಅದರ ಧೂಳು ನಿರಪಾಯಕಾರಿಯಲ್ಲ. ಅದರಲ್ಲಿರುವ ಪ್ಲಿಕಾಟಿಕ್ ಆಮ್ಲವು ಕೆಲವರಿಗೆ ಉಬ್ಬಸವನ್ನು ತರುತ್ತದೆ. ಆ ಮರದ ಕಾರ್ಖಾನೆಗಳಲ್ಲಿ ದುಡಿಯುವವರ ವಿಷಯದಲ್ಲಿ ವೈದ್ಯರು ಇದನ್ನು ಚೆನ್ನಾಗಿ ಗುರುತಿಸಿದ್ದಾರೆ. ರಾಳವಾದರೋ ಬರಿಯ ಚರ್ಮಕ್ಕೆ ಮತ್ತೆಮತ್ತೆ ತಗಲಿದರೆ ತುರಿಕೆಯನ್ನು ಹುಟ್ಟಿಸಿ, ಒಮ್ಮೆ ಒಗ್ಗದಂತಾದರೆ ಮುಂದೆ ಎಂದಿಗೂ ಒಗ್ಗುವುದಿಲ್ಲ. ಮುಖವಾಡ, ಕೈಗವಸು, ಗಾಳಿಯಾಡುವ ಕೋಣೆ ಈ ಮೂರಿಲ್ಲದೆ ಕೆಲಸಕ್ಕೆ ತೊಡಗಬಾರದು. ಮಕ್ಕಳನ್ನು ಹತ್ತಿರ ಬಿಡಲೇಬಾರದು. ಶ್ವಾಸದ ತೊಂದರೆಯಿರುವವರು ಈ ಮರವನ್ನು ಕೊಯ್ಯುವ ಗೊಡವೆಗೇ ಹೋಗದಿರುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಸಿದ್ಧವಾದ ದೋಣಿಯ ದೊಡ್ಡ ಶತ್ರು ಕಲ್ಲಲ್ಲ, ಬಿಸಿಲು. ಸೂರ್ಯನ ನೇರಳಾತೀತ ಕಿರಣಗಳು ಎಪಾಕ್ಸಿಯನ್ನು ಕೆಡಿಸಿ ಪುಡಿಪುಡಿಮಾಡುತ್ತವೆ. ಅದನ್ನು ತಡೆಯುವ ವಾರ್ನಿಷನ್ನು ಮೇಲೆ ಬಳಿದು, ಮಾಸಿದಾಗಲೆಲ್ಲ ಮತ್ತೆ ಬಳಿದು, ದೋಣಿಯನ್ನು ನೆರಳಿನಲ್ಲಿ ಬೋರಲಾಗಿಟ್ಟರೆ ಹಲವು ದಶಕಗಳು ಬಾಳುತ್ತದೆ. ಗೀರು ಆಳವಾಗಿ ಮರವನ್ನು ಮುಟ್ಟಿದ್ದರೆ ಒಣಗಿಸಿ ಒಡನೆಯೇ ತೇಪೆ ಹಾಕತಕ್ಕದ್ದು. ಒಳಗೆ ಇಳಿದ ನೀರು ಹೊರಬರಲು ದಾರಿಯಿಲ್ಲದೆ ಮರವನ್ನು ಕಪ್ಪಾಗಿಸುತ್ತದೆ.

ನಡೆಸುವುದನ್ನು ಕುರಿತು ಪುಸ್ತಕಗಳನ್ನೇ ಬರೆದಿದ್ದಾರೆ. ನಾವು ಒಂದೆರಡು ಮಾತು ಮಾತ್ರ ಹೇಳುವೆವು. ಒಬ್ಬನೇ ಒಂದೇ ಪಕ್ಕದಲ್ಲಿ ಹುಟ್ಟುಹಾಕಿದರೆ ದೋಣಿಯು ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ. ಎಳೆತದ ಕೊನೆಯಲ್ಲಿ ಹುಟ್ಟಿನ ಅಲಗನ್ನು ಹೊರಳಿಸಿ ಸ್ವಲ್ಪ ಹೊರಕ್ಕೆ ತಳ್ಳಿದರೆ ಮೂತಿಯು ನೆಟ್ಟಗಾಗುವುದು. ಸಿಯರ್ಸನಂತೆ ಎರಡು ಅಲಗಿನ ಹುಟ್ಟನ್ನು ಹಿಡಿದವರಿಗೆ ಈ ತೊಡಕಿಲ್ಲ. ಅಲೆಯೆದ್ದಾಗ ಪೀಠವನ್ನು ಬಿಟ್ಟು ತಳದಲ್ಲಿ ಮಂಡಿಯೂರಿದರೆ ಭಾರವು ಕೆಳಗಿಳಿದು ದೋಣಿಯು ಸ್ಥಿರವಾಗುತ್ತದೆ. ತೇಲುವ ಅಂಗಿಯನ್ನು ದೋಣಿಯಲ್ಲಿಡುವುದಲ್ಲ, ತೊಡಬೇಕು. ವಸಂತದಲ್ಲಿ ಆ ಸರೋವರಗಳ ನೀರು ಕೈಕಾಲುಗಳನ್ನು ಕೆಲವೇ ನಿಮಿಷಗಳಲ್ಲಿ ಮರಗಟ್ಟಿಸುವಷ್ಟು ತಣ್ಣಗಿರುತ್ತದೆ. ಈಜುಬಲ್ಲವನೆಂಬ ಧೈರ್ಯವು ಅಲ್ಲಿ ಉಪಯೋಗಕ್ಕೆ ಬಾರದು.

ಹೀಗೆ ಕಟ್ಟಿದ ೧೪–೧೫ ಅಡಿಯ ಕೆನೂ ಸುಮಾರು ೪೦ ಪೌಂಡು ತೂಗುತ್ತದೆ. ಅದನ್ನು ತಲೆಯ ಮೇಲೆ ಬೋರಲಾಗಿಸಿ ಹೊರಲು ನಟ್ಟನಡುವೆ ಮರದ ನೊಗವಿರಬೇಕು. ಒಬ್ಬನೇ ಕುಳಿತುಕೊಳ್ಳುವ ಸ್ಥಳವೂ ಹೆಚ್ಚುಕಡಮೆ ಅದೇ. ಆದಕಾರಣ ಈ ದೋಣಿಗಳ ನೊಗವನ್ನು ಬಿಗಿದು ಕಳಚುವಂತೆ ಮಾಡಿರುತ್ತಾರೆ. ದಡ ಸೇರಿದವನು ಮೊದಲು ಅದನ್ನು ಅಂಚುಗಳಿಗೆ ತಿರುಪಿನಿಂದ ಬಿಗಿದು, ಹುಟ್ಟನ್ನು ಒಳಗೆ ಕಟ್ಟಿ, ದೋಣಿಯನ್ನು ತೊಡೆಯ ಮೇಲಕ್ಕೆ ಉರುಳಿಸಿಕೊಂಡು, ಒಂದೇ ಬೀಸಿಗೆ ಹೆಗಲಿಗೇರಿಸಿ ಕಾಡಿನ ದಾರಿ ಹಿಡಿಯುತ್ತಾನೆ.