ಗುಡಿಸಲಿನ ಬುಡ್ಡಿದೀಪ, ಹೆದ್ದಾರಿಯ ಡೀಸೆಲ್ ಲಾರಿ

1990ರ ದಶಕದಲ್ಲಿ ಸಂಜೆ ಏಳರ ಹೊತ್ತಿಗೆ ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕರೆಂಟು ಹೋದರೆ ಬೀದಿ ಪೂರ್ತಿ ಕತ್ತಲಾಗುತ್ತಿರಲಿಲ್ಲ. ಬಟ್ಟೆ ಅಂಗಡಿಗಳ ಮುಂದೆ ಜನರೇಟರುಗಳು ಗಡಗಡ ಸದ್ದು ಮಾಡತೊಡಗುತ್ತಿದ್ದವು. ಶಿವಾಜಿನಗರದ ಕಡೆಗೆ ಹೋಗುವ ಓಣಿಗಳಲ್ಲಿ ಹಣ್ಣಿನ ತಳ್ಳುಗಾಡಿಗಳ ಮೇಲೆ ಪೆಟ್ರೋಮ್ಯಾಕ್ಸ್ ದೀಪಗಳು ಉರಿಯುತ್ತಿದ್ದವು. ನಡುವೆ ದಾರಿ ಮಾಡಿಕೊಂಡು ಆಟೋರಿಕ್ಷಾಗಳು ಹೊಗೆ ಉಗುಳುತ್ತಾ ಸಾಗುತ್ತಿದ್ದವು. ಜನರೇಟರಿಗೆ ಡೀಸೆಲ್, ಪೆಟ್ರೋಮ್ಯಾಕ್ಸಿಗೆ ಸೀಮೆಎಣ್ಣೆ, ಆಟೋಗೆ ಪೆಟ್ರೋಲ್. ಮೂರೂ ಒಂದೇ ಕಚ್ಚಾತೈಲದ ಮಕ್ಕಳು. ಆದರೆ ಬೆಲೆ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ತಾಳೆಯಾಗುತ್ತಿರಲಿಲ್ಲ. ಡೀಸೆಲ್ ದರ ಪೆಟ್ರೋಲಿನ ಅರ್ಧಕ್ಕಿಂತ ಕಡಿಮೆ. ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆ ಡೀಸೆಲ್‌ಗಿಂತಲೂ ಬಹಳ ಅಗ್ಗ.

ಈ ವ್ಯತ್ಯಾಸ ತೈಲ ಶುದ್ಧೀಕರಣದ ಖರ್ಚಿನಿಂದ ಬಂದದ್ದಲ್ಲ, ದೆಹಲಿಯಲ್ಲಿ ಗೊತ್ತುಮಾಡಿದ್ದು. ಪೆಟ್ರೋಲ್ ಕಾರಿದ್ದವರ ಭೋಗವಸ್ತು, ಅದಕ್ಕೆ ತೆರಿಗೆ ಹೇರಬಹುದು. ಡೀಸೆಲ್ ಬಸ್ಸು, ಲಾರಿ, ರೈತನ ಪಂಪಿನ ಇಂಧನ, ಅದು ಹಗುರವಾಗಿರಬೇಕು. ಸೀಮೆಎಣ್ಣೆ ಬಡವನ ದೀಪ ಮತ್ತು ಒಲೆ, ಅದರ ಬೆಲೆಯನ್ನು ಮುಟ್ಟಲೇ ಬಾರದು. ಲೆಕ್ಕಾಚಾರದಲ್ಲಿ ಕರುಣೆಯಿತ್ತು, ಚುನಾವಣೆಯ ಭಯವೂ ಇತ್ತು.

1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯಾದಲ್ಲಿ ಯುದ್ಧ ನಡೆದು, ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಪೀಪಾಯಿಗೆ ಸುಮಾರು 3 ಡಾಲರಿನಿಂದ 12 ಡಾಲರಿನ ಹತ್ತಿರಕ್ಕೆ ಏರಿದಾಗ ಈ ನೀತಿಯ ಪರೀಕ್ಷೆ ಶುರುವಾಯಿತು. ಪೆಟ್ರೋಲ್ ದರ ಏರಿಕೆಯನ್ನು ಪ್ರತಿಭಟಿಸಿ ಅಟಲ್ ಬಿಹಾರಿ ವಾಜಪೇಯಿ ಆ ನವೆಂಬರಿನಲ್ಲಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಮುಂದಿನ ಕೆಲವು ವರ್ಷಗಳಲ್ಲಿ ಎಸ್ಸೊ, ಬರ್ಮಾ ಶೆಲ್, ಕ್ಯಾಲ್ಟೆಕ್ಸ್ ಕಂಪನಿಗಳನ್ನು ಸರಕಾರ ವಶಕ್ಕೆ ತೆಗೆದುಕೊಂಡಿತು. ಬಂಕುಗಳ ಫಲಕ ಬದಲಾಯಿತು. 1974ರಲ್ಲಿ ಬಾಂಬೆ ಹೈನಲ್ಲಿ ತೈಲ ಸಿಕ್ಕಿ ಸ್ವಲ್ಪ ಕಾಲ ಉಸಿರಾಡುವಂತಾಯಿತು. ಆದರೂ ಸೀಮೆಎಣ್ಣೆಯ ಬೆಲೆಯನ್ನು ಅದುಮಿಟ್ಟುಕೊಳ್ಳುವ ಪದ್ಧತಿ ಮಾತ್ರ ಹಾಗೆಯೇ ಉಳಿಯಿತು.

ಇದರ ಒಳಸುಳಿಯನ್ನು ಬಿಡಿಸಿ ತೋರಿಸಿದವರು ಕಮರ್ಷಿಯಲ್ ಸ್ಟ್ರೀಟಿನಿಂದ ಕೆಲವೇ ಮೈಲಿ ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪ್ರೊ. ಅಮೂಲ್ಯ ರೆಡ್ಡಿ. ಮೂಲತಃ ರಸಾಯನ ವಿಜ್ಞಾನಿ. 1974ರಲ್ಲಿ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿ ಹಳ್ಳಿಯ ಒಲೆ, ಗೊಬ್ಬರದ ಗ್ಯಾಸು, ಮಣ್ಣಿನ ಇಟ್ಟಿಗೆಗಳತ್ತ ವಿಜ್ಞಾನಿಗಳ ಗಮನ ತಿರುಗಿಸಿದರು. ದೇಶದ ತೈಲ ಬಿಕ್ಕಟ್ಟಿಗೆ ಅವರು 1980ರ ದಶಕದ ಆರಂಭದಲ್ಲಿ ಹೇಳಿದ ಪರಿಹಾರ ಮೊದಲ ಬಾರಿಗೆ ಕೇಳಿದವರಿಗೆ ತಮಾಷೆ ಎನಿಸಬಹುದು: ಹಳ್ಳಿಯ ಮನೆಗಳಿಗೆ ವಿದ್ಯುದ್ದೀಪ ಕೊಡಿ.

ಅವರ ವಾದದ ಸರಪಳಿ ಹೀಗಿದೆ. ಕಚ್ಚಾತೈಲವನ್ನು ಕಾಯಿಸಿದರೆ ಮೇಲೆ ಹಗುರವಾದ ಪೆಟ್ರೋಲ್ ಬರುತ್ತದೆ, ಬುಡದಲ್ಲಿ ಡಾಂಬರು ಉಳಿಯುತ್ತದೆ. ಸೀಮೆಎಣ್ಣೆ, ಡೀಸೆಲ್ ಎರಡೂ ನಡುವಿನ ಪಾಲು, ಅಕ್ಕಪಕ್ಕದವು. ಡೀಸೆಲ್ ಎಂಜಿನ್ನಿಗೆ ಸೀಮೆಎಣ್ಣೆ ಬೆರೆಸಿದರೆ ಅದು ಮುನಿಸಿಕೊಂಡು ನಿಲ್ಲುವುದಿಲ್ಲ, ಓಡುತ್ತದೆ. ಹಳ್ಳಿಯ ಗುಡಿಸಲಿನಲ್ಲಿ ಕರೆಂಟಿಲ್ಲ, ಬುಡ್ಡಿದೀಪಕ್ಕೆ ಸೀಮೆಎಣ್ಣೆ ಬೇಕೇ ಬೇಕು, ಆದ್ದರಿಂದ ಅದು ಅಗ್ಗವಾಗಿರಬೇಕು. ಸೀಮೆಎಣ್ಣೆ ಅಗ್ಗವಾಗಿ, ಡೀಸೆಲ್ ದುಬಾರಿಯಾದರೆ ಲಾರಿಯವರು ಬಡವನ ಸೀಮೆಎಣ್ಣೆಯನ್ನೇ ಟ್ಯಾಂಕಿಗೆ ಸುರಿಯುತ್ತಾರೆ. ಅದನ್ನು ತಡೆಯಲು ಡೀಸೆಲ್ ಬೆಲೆಯನ್ನೂ ತಗ್ಗಿಸಿಡಬೇಕು. ಡೀಸೆಲ್ ಅಗ್ಗವಾದರೆ ರೈಲಿನಲ್ಲಿ ಹೋಗಬೇಕಾದ ಸರಕು ಲಾರಿ ಏರುತ್ತದೆ. ಲಾರಿ ಹೆಚ್ಚಿದರೆ ಡೀಸೆಲ್ ಹೆಚ್ಚು ಬೇಕು, ಅದಕ್ಕಾಗಿ ಹೊರಗಿನಿಂದ ತೈಲ ತರಬೇಕು. ಅಂದರೆ, ಗುಡಿಸಲಿಗೆ ಒಂದು ಬಲ್ಬು ಕೊಡದೇ ಹೋದದ್ದರ ಬಿಲ್ಲು ವಿದೇಶಿ ವಿನಿಮಯದಲ್ಲಿ ಬರುತ್ತಿತ್ತು.

ದಂಡು ಪ್ರದೇಶಕ್ಕೆ ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆಯ ಕಡೆಯಿಂದ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ತಲೆಮಾರಿನ ಸರಕು ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದು ಗಾಡಿ ಏರುತ್ತಿದ್ದ ಕಾಲವೊಂದಿತ್ತು. ಸೂರತ್ತಿನ ಸೀರೆ, ಮುಂಬಯಿಯ ಸಿದ್ಧ ಉಡುಪು ಲಾರಿಯ ಬೆನ್ನೇರಿ ಬರತೊಡಗಿದ್ದರಲ್ಲಿ ರೆಡ್ಡಿಯವರ ಸರಪಳಿಯ ಒಂದು ಕೊಂಡಿ ಕಾಣುತ್ತದೆ.

ಕರ್ನಾಟಕ ಸರಕಾರ 1979ರ ಸುಮಾರಿಗೆ ‘ಭಾಗ್ಯಜ್ಯೋತಿ’ ಯೋಜನೆ ತಂದು ಬಡವರ ಮನೆಗೆ 40 ವ್ಯಾಟಿನ ಒಂದು ಬಲ್ಬು ಕೊಡಲು ಆರಂಭಿಸಿತು. ತೈಲದ ಚಿಂತೆಯಿಂದಲ್ಲ, ಬಡವರ ಕಾರ್ಯಕ್ರಮವಾಗಿ. ಮುಂದೆ ಕೇಂದ್ರ ಸರಕಾರವೂ ‘ಕುಟೀರ ಜ್ಯೋತಿ’ ಎಂದು ಇಂಥದ್ದೇ ಯೋಜನೆ ಮಾಡಿತು. ಆದರೆ ಆ ಕಾಲದ ವ್ಯಾಖ್ಯೆಯಲ್ಲಿ ಊರಿನ ಎಲ್ಲೆಯೊಳಗೆ ಎಲ್ಲಾದರೂ ಒಂದು ಕಡೆ, ಯಾವ ಕೆಲಸಕ್ಕಾದರೂ ಕರೆಂಟು ಬಳಕೆಯಾದರೆ ಇಡೀ ಊರು ವಿದ್ಯುದೀಕರಣವಾದಂತೆ. ಪಂಪ್‌ಸೆಟ್ಟಿಗೆ ತಂತಿ ಎಳೆದು ಊರನ್ನು ಪಟ್ಟಿಗೆ ಸೇರಿಸಿದ ಮೇಲೂ ಹಟ್ಟಿಯಲ್ಲಿ ಬುಡ್ಡಿಯೇ ಗತಿ.

ಅಗ್ಗದ ಸೀಮೆಎಣ್ಣೆ ಈ ನಡುವೆ ತನ್ನದೇ ದಾರಿ ಹುಡುಕಿಕೊಂಡಿತ್ತು. ಗುರುತಿಗೆಂದು ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಬೆರೆಸಿದರು. ಬಣ್ಣ ತೆಗೆಯುವ ಉಪಾಯವನ್ನೂ ಕಲಬೆರಕೆದಾರರು ಕಲಿತರು. ನಗರದ ಆಟೋಗಳ ದಟ್ಟ ಹೊಗೆಯಲ್ಲಿ ಪೆಟ್ರೋಲಿನ ಜತೆ ಬೆರೆತ ಸೀಮೆಎಣ್ಣೆಯ ಪಾಲೂ ಇತ್ತು. ಪಡಿತರದ ಸೀಮೆಎಣ್ಣೆಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೇರೆಡೆ ಹರಿದುಹೋಗುತ್ತಿದೆ ಎಂದು ರಾಷ್ಟ್ರೀಯ ಆನ್ವಯಿಕ ಆರ್ಥಿಕ ಸಂಶೋಧನಾ ಮಂಡಳಿ 2005ರಲ್ಲಿ ಅಂದಾಜು ಮಾಡಿತು. ಅದೇ ವರ್ಷ ನವೆಂಬರಿನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಮಂಜುನಾಥ ಷಣ್ಮುಗಂ ಕೊಲೆಯಾದರು. ಕೋಲಾರದ ಚಿನ್ನದ ಗಣಿ ಪ್ರದೇಶದ ಕುಟುಂಬ, ಮೈಸೂರಿನ ಜಯಚಾಮರಾಜೇಂದ್ರ ಕಾಲೇಜಿನಲ್ಲಿ ಎಂಜಿನಿಯರಿಂಗ್, ಬಳಿಕ ಇಂಡಿಯನ್ ಆಯಿಲ್ ಕಂಪನಿಯ ಕೆಲಸ. ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡದ್ದೇ ಅವರು ಮಾಡಿದ ತಪ್ಪು. ವಯಸ್ಸು 27. ಬಡವನ ಹೆಸರಿನಲ್ಲಿ ಇಟ್ಟ ಬೆಲೆಯ ಅಂತರದಲ್ಲಿ ಯಾರ ಜೇಬು ತುಂಬುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಕಟುವಾದ ಸಾಕ್ಷಿ ಬೇಕಿಲ್ಲ.

ಗಂಟು ಬಿಚ್ಚಲು ಬಹಳ ಕಾಲ ಹಿಡಿಯಿತು. 1990ರ ಕೊಲ್ಲಿ ಬಿಕ್ಕಟ್ಟಿನಲ್ಲಿ ತೈಲದ ಬಿಲ್ಲು ಏರಿ, 1991ರಲ್ಲಿ ಚಿನ್ನ ಅಡವಿಡುವ ಪರಿಸ್ಥಿತಿ ಬಂದರೂ ಸೀಮೆಎಣ್ಣೆಯನ್ನು ಮುಟ್ಟಲು ಸರಕಾರಗಳು ಅಂಜಿದವು. ಸರಕಾರವೇ ದರ ಗೊತ್ತುಮಾಡುವ ವ್ಯವಸ್ಥೆ 2002ರಲ್ಲಿ ಕಾಗದದ ಮೇಲೆ ಮುಗಿಯಿತು. ಪೆಟ್ರೋಲ್ ದರ ನಿಜವಾಗಿ ಮುಕ್ತವಾದದ್ದು 2010ರ ಜೂನಿನಲ್ಲಿ, ಡೀಸೆಲ್ 2014ರ ಅಕ್ಟೋಬರಿನಲ್ಲಿ, ಅದೂ ಜಗತ್ತಿನಲ್ಲಿ ತೈಲ ಅಗ್ಗವಾಗುತ್ತಿದ್ದ ಒಳ್ಳೆಯ ಮುಹೂರ್ತ ನೋಡಿ. 2016ರಿಂದ ಸೀಮೆಎಣ್ಣೆಯ ದರವನ್ನು ಪೈಸೆಗಳ ಲೆಕ್ಕದಲ್ಲಿ ಸದ್ದಿಲ್ಲದೆ ಏರಿಸಲಾಯಿತು. ಅಷ್ಟು ಹೊತ್ತಿಗೆ ಮನೆಗಳಿಗೆ ಕರೆಂಟು, ಗ್ಯಾಸ್ ಸಿಲಿಂಡರು ಬರುತ್ತಿದ್ದುದರಿಂದ ದೊಡ್ಡ ಗಲಾಟೆಯಾಗಲಿಲ್ಲ. ರೆಡ್ಡಿಯವರು 2006ರಲ್ಲೇ ತೀರಿಕೊಂಡಿದ್ದರು.

ತೈಲದ ಅವಲಂಬನೆ ಮಾತ್ರ ಇಳಿದಿಲ್ಲ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನದು. ಅಗ್ಗದ ಡೀಸೆಲ್ಲಿನ ದಿನಗಳಲ್ಲಿ ರೈಲು ಬಿಟ್ಟ ಸರಕು, ಡೀಸೆಲ್ ದುಬಾರಿಯಾಯಿತೆಂದು ಮತ್ತೆ ರೈಲಿಗೆ ಹಿಂದಿರುಗಲಿಲ್ಲ. ರಾಜ್ಯ ಸರಕಾರಗಳಿಗೆ ಇಂಧನ ಈಗ ಖಜಾನೆ ತುಂಬುವ ದಾರಿ. ಕರ್ನಾಟಕ 2021ರ ನವೆಂಬರಿನಲ್ಲಿ ತೆರಿಗೆ ಇಳಿಸಿ ಲೀಟರಿಗೆ 7 ರೂಪಾಯಿ ಕಡಿಮೆ ಮಾಡಿತು, 2024ರ ಜೂನಿನಲ್ಲಿ ತೆರಿಗೆ ಏರಿಸಿ ಸುಮಾರು 3 ರೂಪಾಯಿ ಹೆಚ್ಚಿಸಿತು. ಶಿವಾಜಿನಗರದ ಓಣಿಯ ತಳ್ಳುಗಾಡಿಯಲ್ಲಿ ಪೆಟ್ರೋಮ್ಯಾಕ್ಸಿನ ಜಾಗಕ್ಕೆ ಬ್ಯಾಟರಿಯ ಎಲ್‌ಇಡಿ ಬಂದಿದೆ. ಕಮರ್ಷಿಯಲ್ ಸ್ಟ್ರೀಟಿಗೆ ಸೂರತ್ತಿನ ಸೀರೆ ಇನ್ನೂ ಲಾರಿಯಲ್ಲೇ ಬರುತ್ತಿದೆ.